ಒಂದು ಹನಿ ರಕ್ತಕ್ಕೆ ಹನ್ನೊಂದು ವಾರ

(ಈ ಪತ್ರ ಬಂದಿರುವುದು ಅಮೆರಿಕದ ಟೆಕ್ಸಾಸ್‌ನಿಂದ. ಬರೆದವರು ಹೆಸರು ಬೇಡವೆಂದಿದ್ದಾರೆ. ಅವರ ಪತಿ ಅಲ್ಲಿನ ಭೂಸೇನೆಯಲ್ಲಿದ್ದಾರೆ. ಸೇನಾ ನೆಲೆಯೊಳಗೆ ಹಳೆಯ ಮನೆ, ಕಿಟಕಿಯ ದಂಡೆಯ ಬಣ್ಣ ಸಿಪ್ಪೆಯೆದ್ದಿದೆ. ಒಂದೂ ಮುಕ್ಕಾಲು ವರ್ಷದ ಮಗ ಆ ದಂಡೆಯನ್ನು ಕಚ್ಚುತ್ತ ನಿಂತದ್ದನ್ನು ಕಂಡ ದಿನದಿಂದ, ಅವನ ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸಲು ತಾಯಿ ಅಲೆಯುತ್ತಿದ್ದಾರೆ. ನೆಲೆಯ ಚಿಕಿತ್ಸಾಲಯ ಹೊರಗಿನ ಮಕ್ಕಳ ವೈದ್ಯರತ್ತ ಕೈತೋರಿಸಿತು. ಒಪ್ಪಿಗೆ ಪತ್ರ ಜಾರ್ಜಿಯಾದ ಹಳೆಯ ವಿಳಾಸಕ್ಕೆ ಹೋಯಿತು. ಹೊರಗಿನ ವೈದ್ಯರು ಆ ಒಪ್ಪಿಗೆ ಇಲ್ಲಿ ನಡೆಯದು ಎಂದರು. ಪ್ರಯೋಗಾಲಯದವರು ಪರೀಕ್ಷೆಯ ಆರ್ಡರ್ ಕಾಣಿಸುತ್ತಿಲ್ಲ ಎಂದರು. “ನಾನು ಅತಿಯಾಗಿ ಆಡುತ್ತಿದ್ದೇನೆಯೇ? ದೂರು ಕೊಟ್ಟರೆ ಮೇಲಿನವರ ಕಿವಿಗೆ ಬೀಳುತ್ತದೆ, ಸುಮ್ಮನಿರು ಎನ್ನುತ್ತಾರೆ ಯಜಮಾನರು” ಎಂದು ಕೇಳಿದ್ದಾರೆ.)

ಪ್ರಿಯ ಸೋದರಿ,

ಇಲ್ಲ, ಅತಿಯಾಗಿ ಆಡುತ್ತಿಲ್ಲ. ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆತ ಬಣ್ಣ ಬಳಿಯುವುದು ನಿಷಿದ್ಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆ, ಸಿಪ್ಪೆಯೆದ್ದ ಬಣ್ಣ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು, ಈ ಮೂರೂ ಒಂದೆಡೆ ಸೇರಿದ ಮೇಲೆ ಪರೀಕ್ಷೆ ಬೇಡ ಎನ್ನುವ ವೈದ್ಯರಿರಲಾರರು. ನಿಮಗೂ ಬೇಡ ಎಂದು ಯಾರೂ ಹೇಳಿಲ್ಲ ನೋಡಿ. ಎಲ್ಲರೂ ಬೇಕು ಎಂದೇ ಹೇಳಿ ಮುಂದಿನ ಕಿಟಕಿಗೆ ಕಳಿಸಿದ್ದಾರೆ.

ಸೀಸದ ವಿಷಯದಲ್ಲಿ ನನಗೂ ಸ್ವಲ್ಪ ಅನುಭವವಿದೆ. ನಾನು ಕರಡು ತಿದ್ದಲು ಸೇರಿದ ಕಾಲಕ್ಕೆ ಅಕ್ಷರಗಳೆಲ್ಲ ಸೀಸದ ಅಚ್ಚುಮೊಳೆಗಳು. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಊಟದ ಡಬ್ಬಿ ಬಿಚ್ಚುವ ಮೊದಲು ಉಗುರಿನ ಸಂದಿಯನ್ನೂ ಬಿಡದೆ ಸೋಪು ಹಾಕಿ ತಿಕ್ಕುತ್ತಿದ್ದರು. ನಾನು ನಕ್ಕರೆ, “ಈ ಕಪ್ಪು ಹೊಟ್ಟೆಗೆ ಹೋದರೆ ಅಲ್ಲೇ ಮನೆ ಮಾಡುತ್ತದಪ್ಪಾ” ಎನ್ನುತ್ತಿದ್ದರು. ಬೆಳೆದ ಗಂಡಸಿನ ಮಾತು ಅದು. ಮಗುವಿನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಇಷ್ಟು ಸೀಸ ಇದ್ದರೂ ತೊಂದರೆಯಿಲ್ಲ ಎನ್ನಬಹುದಾದ ಪ್ರಮಾಣ ಮಕ್ಕಳಿಗೆ ಇಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು, ಯಾವ ವಾರ ನಿಮ್ಮ ಮಗನ ಕಾಗದ ಯಾರ ಮೇಜಿನ ಮೇಲಿತ್ತು ಎಂದು ಅಂಚಿನಲ್ಲಿ ಗುರುತು ಹಾಕುತ್ತ ಹೋದೆ. ಹನ್ನೊಂದು ವಾರಗಳಲ್ಲಿ ಏಳು ವಾರ ಅದು ಯಾರ ಮೇಜಿನ ಮೇಲೂ ಇರಲಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಲವತ್ತೇಳು ನಿಮಿಷ ಫೋನು ಹಿಡಿದು ಕಾದಿರಲ್ಲ, ಆ ದಿನವೂ ಅಷ್ಟೇ. ಫೋನಿನ ಆ ತುದಿಯಲ್ಲಿದ್ದ ಹುಡುಗಿಯ ಕೈಯಲ್ಲಿ ಏನೂ ಇರಲಿಲ್ಲ.

ಇದು ಹೇಗಾಯಿತೆಂದರೆ, ಟ್ರೈಕೇರ್ ಎಂಬ ಈ ಸೇನಾ ಆರೋಗ್ಯ ಯೋಜನೆ ದೇಶದೊಳಗೆ ಪೂರ್ವ, ಪಶ್ಚಿಮ ಎಂದು ಎರಡು ವಲಯವಾಗಿದೆ. ಒಂದೊಂದು ವಲಯವನ್ನು ಒಂದೊಂದು ಗುತ್ತಿಗೆದಾರ ಸಂಸ್ಥೆ ನೋಡಿಕೊಳ್ಳುತ್ತದೆ. ಜಾರ್ಜಿಯಾ ಪೂರ್ವಕ್ಕೆ ಸೇರಿದ್ದು. ಟೆಕ್ಸಾಸ್‌ನ ಹೆಚ್ಚಿನ ಭಾಗವೂ ಪೂರ್ವದಲ್ಲೇ ಇತ್ತು. 2025ರ ಜನವರಿ 1ರಂದು ಅದನ್ನೂ ಇನ್ನೈದು ರಾಜ್ಯಗಳನ್ನೂ ಪಶ್ಚಿಮಕ್ಕೆ ಸೇರಿಸಿದರು. ಗುತ್ತಿಗೆ ಬದಲಾದ ಆ ತಿಂಗಳುಗಳಲ್ಲಿ ಪಶ್ಚಿಮದಲ್ಲಿ ಹೊರಗಿನ ವೈದ್ಯರಲ್ಲಿಗೆ ಕಳಿಸುವ ಕಾಗದಗಳು ಎಷ್ಟು ಸಿಕ್ಕಿಕೊಂಡವೆಂದರೆ, ಒಪ್ಪಿಗೆಯ ನಿಯಮವನ್ನೇ ಕೆಲಕಾಲ ಸಡಿಲಿಸಬೇಕಾಯಿತು. ನಿಮ್ಮ ಯಜಮಾನರಿಗೆ ವರ್ಗವಾದ ದಿನ ಸಾಮಾನು ಲಾರಿ ಏರಿತು, ಮಗನ ಕಾಗದ ಏರಲಿಲ್ಲ. ಇನ್ನು, ಸೇನೆಯ ಆಸ್ಪತ್ರೆಗಳೇ ಕೆಲವು ವರ್ಷಗಳಿಂದ ಸಿಬ್ಬಂದಿ ಸಾಲದೆ ಕುಟುಂಬಗಳನ್ನು ಹೊರಗಿನ ವೈದ್ಯರತ್ತ ದೂಡುತ್ತ ಬಂದವು. ಅವರನ್ನು ಮರಳಿ ಒಳಗೆ ಕರೆತರಬೇಕೆಂದು ರಕ್ಷಣಾ ಇಲಾಖೆ 2023ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಆದೇಶ ಹೊರಟ ವೇಗದಲ್ಲಿ ವೈದ್ಯರು ಬರುವುದಿಲ್ಲ, ಬಿಡಿ.

ಆದರೆ ನಿಮ್ಮನ್ನು ಹೆಚ್ಚು ಸುತ್ತಿಸಿದ್ದು ಒಂದು ಪದ. ಪತ್ರದುದ್ದಕ್ಕೂ ನೀವು ‘ರೆಫರಲ್ ಕೇಳಿದೆ’ ಎಂದು ಬರೆದಿದ್ದೀರಿ. ರೆಫರಲ್ ಎಂದರೆ ಬೇರೊಬ್ಬ ವೈದ್ಯರ ಬಳಿಗೆ ಕಳಿಸುವ ಕಾಗದ. ಅದನ್ನು ಕೇಳಿದ ಕೂಡಲೇ ಯಂತ್ರ ತಿರುಗತೊಡಗುತ್ತದೆ: ಗುತ್ತಿಗೆದಾರರ ಒಪ್ಪಿಗೆ, ಒಪ್ಪಿಗೆ ಪತ್ರ, ಹೊಸ ವೈದ್ಯರ ಸರದಿ. ನಿಮಗೆ ಬೇಕಾದದ್ದು ಬೇರೆ ವೈದ್ಯರಲ್ಲ, ಲ್ಯಾಬ್ ಆರ್ಡರ್, ಅಂದರೆ ಈ ಪರೀಕ್ಷೆ ಮಾಡಿ ಎಂದು ಪ್ರಯೋಗಾಲಯಕ್ಕೆ ಬರೆಯುವ ಸೂಚನೆ. ಅದನ್ನು ನಿಮ್ಮ ಮಗನ ಹೆಸರಿಗೆ ಈಗಾಗಲೇ ದಾಖಲಾಗಿರುವ ವೈದ್ಯರೇ, ಅಲ್ಲಿ ಪಿಸಿಎಂ ಎನ್ನುತ್ತಾರಲ್ಲ, ಅವರೇ ಬರೆಯಬಹುದು. ಆರು ವರ್ಷದೊಳಗಿನ ಮಕ್ಕಳ ನಿಯಮಿತ ತಪಾಸಣೆ ಟ್ರೈಕೇರ್‌ನಲ್ಲಿ ಉಚಿತ. ಸೀಸದ ಅಪಾಯವನ್ನು ವಿಚಾರಿಸುವುದು, ಅಪಾಯ ಕಂಡರೆ ರಕ್ತ ನೋಡುವುದು ಆ ತಪಾಸಣೆಯದೇ ಭಾಗ. ಸೇನಾ ವಸತಿಗಳ ಮಕ್ಕಳಲ್ಲಿ ಸೀಸದ ವಿಷವೇರಿದ್ದನ್ನು ರಾಯ್ಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ಬಯಲಿಗೆಳೆದ ಮೇಲೆ, ಮರುವರ್ಷದ ಕೊನೆಗೆ ಅಂಗೀಕಾರವಾದ ರಕ್ಷಣಾ ಕಾಯ್ದೆಯಲ್ಲಿ ಮಕ್ಕಳ ಸೀಸದ ತಪಾಸಣೆಗೆಂದೇ ಒಂದು ಕಲಂ ಸೇರಿತು. ನೀವು ಯಾರ ದಯೆಯನ್ನೂ ಬೇಡುತ್ತಿಲ್ಲ.

ಹಾಗಾಗಿ ಮತ್ತೆ ಫೋನು ಮಾಡಬೇಡಿ, ಬರೆಯಿರಿ. ಸೇನೆಯ ಆನ್‌ಲೈನ್ ದಾಖಲೆ ವ್ಯವಸ್ಥೆ ಜೆನೆಸಿಸ್‌ನಲ್ಲಿ ವೈದ್ಯರಿಗೇ ಸಂದೇಶ ಕಳಿಸಲು ಜಾಗವಿದೆ. ಮೂರು ಸಾಲು ಸಾಕು: ಮನೆ 1978ಕ್ಕೆ ಹಿಂದಿನದು, ಮಗು ಸಿಪ್ಪೆಯೆದ್ದ ಬಣ್ಣ ಕಚ್ಚಿದೆ, ರಕ್ತದ ಸೀಸದ ಪರೀಕ್ಷೆಗೆ ಲ್ಯಾಬ್ ಆರ್ಡರ್ ಹಾಕಿ. ಉತ್ತರ ಬರದಿದ್ದರೆ ಅದೇ ಮೂರು ಸಾಲನ್ನು ಮುದ್ರಿಸಿಕೊಂಡು ಆಸ್ಪತ್ರೆಯಲ್ಲಿ ರೋಗಿಗಳ ದೂರು ಕೇಳುವ ಪೇಷೆಂಟ್ ಅಡ್ವೊಕೇಟ್ ಬಳಿಗೆ ಹೋಗಿ. ಕೇಳಬೇಕಾದ ಪ್ರಶ್ನೆಯೂ ಒಂದೇ, “ಈಗ ಇದು ಯಾರ ಕೈಯಲ್ಲಿದೆ, ಅವರ ಹೆಸರೇನು?” ಮಕ್ಕಳ ನಿಯಮಿತ ತಪಾಸಣೆಗೆ ನಾಲ್ಕು ವಾರಕ್ಕಿಂತ ಹೆಚ್ಚು ಕಾಯಿಸಬಾರದೆಂದು ಟ್ರೈಕೇರ್‌ನ ಪ್ರೈಮ್ ಯೋಜನೆಯ ನಿಯಮವೇ ಹೇಳುತ್ತದೆ. ಇದನ್ನು ಜಗಳದ ಧ್ವನಿಯಲ್ಲಿ ಹೇಳಬೇಕಾಗಿಲ್ಲ, ತಾರೀಖುಗಳ ಚೀಟಿಯನ್ನು ಮೇಜಿನ ಮೇಲಿಟ್ಟರೆ ಸಾಕು. ರೋಸಿಹೋಗಿ ನಿಮ್ಮಷ್ಟಕ್ಕೆ ನೀವೇ ಯಾವುದಾದರೂ ತಜ್ಞರ ಬಳಿಗೆ ಮಾತ್ರ ಹೋಗಬೇಡಿ. ಪ್ರೈಮ್‌ನಲ್ಲಿ ರೆಫರಲ್ ಇಲ್ಲದೆ ತಜ್ಞರಲ್ಲಿಗೆ ಹೋದರೆ ಮೊದಲ 300 ಡಾಲರ್ ನಿಮ್ಮದು, ಉಳಿದದ್ದರಲ್ಲಿ ಅರ್ಧವೂ ನಿಮ್ಮದೇ. ಕೈಯಿಂದ ಕೊಡುವುದೇ ಆದರೆ ಕೌಂಟಿ (ಅಲ್ಲಿನ ಜಿಲ್ಲೆ) ಆರೋಗ್ಯ ಇಲಾಖೆಯನ್ನು ವಿಚಾರಿಸಿ. ಹಲವು ಕೌಂಟಿಗಳು ಈ ಪರೀಕ್ಷೆಯನ್ನು ಕಡಿಮೆ ದರದಲ್ಲಿ ಮಾಡುತ್ತವೆ.

ಇನ್ನು ಯಜಮಾನರ ಮಾತು. ಅವರನ್ನು ಅಂಜುಬುರುಕರೆಂದು ನಾನು ಹೇಳಲಾರೆ. ಸಮವಸ್ತ್ರ ತೊಟ್ಟವರಿಗೆ ಬಡ್ತಿ, ವರ್ಗ, ಮನೆ ಎಲ್ಲವೂ ಒಂದೇ ಕಡೆಯಿಂದ ಬರುವಾಗ ಆ ಕಡೆಗೆ ಬೆರಳು ತೋರಿಸುವುದು ಸುಲಭವಲ್ಲ. ಆದರೂ ಎರಡು ಸಂಗತಿ ಅವರಿಗೆ ತಿಳಿದಿರಲಿ. ಆಸ್ಪತ್ರೆಗಳನ್ನು ನಡೆಸುವುದು ರಕ್ಷಣಾ ಆರೋಗ್ಯ ಸಂಸ್ಥೆ, ಅವರ ತುಕಡಿಯಲ್ಲ. ಎರಡನೆಯದಾಗಿ, ಸೈನಿಕ ತನ್ನ ಸಂಸದರಿಗೆ ಬರೆಯುವುದನ್ನು ಯಾವ ಅಧಿಕಾರಿಯೂ ತಡೆಯುವಂತಿಲ್ಲ, ಬರೆದದ್ದಕ್ಕೆ ಸೇಡು ತೀರಿಸಿಕೊಳ್ಳುವಂತೆಯೂ ಇಲ್ಲ. ಅದು ಅಮೆರಿಕದ ಕಾನೂನಿನಲ್ಲೇ ಇದೆ. ನೀವಂತೂ ಸೈನಿಕರೂ ಅಲ್ಲ. ಸಂಸದರ ಕಚೇರಿಗೆ ನೀವೇ ಬರೆಯಬಹುದು. ಅಲ್ಲಿಂದ ವಿಚಾರಣೆಯ ಪತ್ರವೊಂದು ಬಂದರೆ, ಏಳು ವಾರ ಯಾರ ಮೇಜಿನ ಮೇಲೂ ಇಲ್ಲದ ಕಾಗದಕ್ಕೆ ಮೇಜು ಸಿಗುತ್ತದೆ.

ಯಜಮಾನರಿಗೆ ನನ್ನದೂ ಒಂದು ಪ್ರಶ್ನೆಯಿದೆ, ಬೇಸರ ಮಾಡಿಕೊಳ್ಳಬಾರದು. ಗುಂಡು ಹಾರಿಸುವ ಅಭ್ಯಾಸ ಮುಗಿಸಿ ಬಂದ ದಿನ ಅವರು ಬೂಟುಗಳನ್ನು ಎಲ್ಲಿ ಬಿಡುತ್ತಾರೆ? ಹಲವು ಬಗೆಯ ಗುಂಡುಗಳಲ್ಲಿ ಸೀಸವಿರುತ್ತದೆ. ಅದರ ಧೂಳು ಬೂಟಿಗೆ, ಬಟ್ಟೆಗೆ, ಕೂದಲಿಗೆ ಅಂಟಿಕೊಂಡು ಮನೆಯ ಜಮಖಾನೆಯವರೆಗೆ ಬರುತ್ತದೆ. ಚಿಕಿತ್ಸಾಲಯದಲ್ಲಿ ಮನೆಯ ವಯಸ್ಸು ಕೇಳಿದರೆಂದು ಬರೆದಿದ್ದೀರಿ, ಅಪ್ಪನ ಕೆಲಸವನ್ನು ಯಾರೂ ಕೇಳಿದಂತಿಲ್ಲ. ಬೂಟು ಬಾಗಿಲಾಚೆ ಇರಲಿ, ಆ ಬಟ್ಟೆ ಬೇರೆಯಾಗಿಯೇ ಒಗೆಯಲಿ, ಸ್ನಾನವಾದ ಮೇಲೆಯೇ ಮಗನನ್ನು ಎತ್ತಿಕೊಳ್ಳಲಿ.

ಕಿಟಕಿಯ ದಂಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಬೇಡಿ, ಬಣ್ಣವನ್ನು ಉಜ್ಜಿ ಕೀಳಲಂತೂ ಹೋಗಬೇಡಿ, ಧೂಳೇ ಹೆಚ್ಚು ಅಪಾಯ. ಮಂಚವನ್ನು ಆ ಗೋಡೆಯಿಂದ ಸರಿಸಿ. ದುರಸ್ತಿಯ ಕೋರಿಕೆಯನ್ನೂ ಬರಹದಲ್ಲೇ ಕೊಡಿ. 1996ರ ನಂತರ ನೆಲೆಗಳ ಹೆಚ್ಚಿನ ಮನೆಗಳು ಖಾಸಗಿ ಕಂಪನಿಗಳ ಕೈಗೆ ಹೋಗಿವೆ, ಆದ್ದರಿಂದ ಒಂದು ಪ್ರತಿ ಕಂಪನಿಗೆ, ಇನ್ನೊಂದು ನೆಲೆಯ ವಸತಿ ಕಚೇರಿಗೆ.

ಫಲಿತಾಂಶ ಬಂದಾಗ ‘ನಾರ್ಮಲ್’ ಎಂಬ ಮಾತಿಗೆ ಫೋನು ಇಡಬೇಡಿ, ಸಂಖ್ಯೆ ಕೇಳಿ ಬರೆದುಕೊಳ್ಳಿ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮುಂದಿನ ಕ್ರಮ ಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಹೇಳುತ್ತಿದೆ, ಅದಕ್ಕೆ ಹಿಂದೆ ಆ ಗೆರೆ 5ರಲ್ಲಿತ್ತು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹೆಚ್ಚು ಕಂಡರೆ ಕೂಡಲೇ ಗಾಬರಿಯಾಗಬೇಡಿ, ತೋಳಿನ ರಕ್ತನಾಳದಿಂದ ತೆಗೆದು ಇನ್ನೊಮ್ಮೆ ನೋಡಲೇಬೇಕು. ಚರ್ಮದ ಮೇಲಿನ ಧೂಳು ಆ ಒಂದು ಹನಿಗೆ ಬೆರೆತರೂ ಸಂಖ್ಯೆ ಏರುತ್ತದೆ. ಆದ್ದರಿಂದ ಅಂದು ಚುಚ್ಚುವ ಮೊದಲು ಅಲ್ಲಿಯ ನಲ್ಲಿಯಲ್ಲೇ ಮಗನ ಕೈ ತೊಳೆಸಿ, ಸೋಪು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ.

— ಸಂಪಾದಕ