ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿ ಒಡೆದವನು ಸ್ನೈಪರ್ ಆಗಬಲ್ಲನೇ?

ನಿಮ್ಮ ತಮ್ಮ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಸ್ಪರ್ಧೆಯಲ್ಲಿ 30 ಮೀಟರ್ ದೂರದ ತೆಂಗಿನಕಾಯಿಯನ್ನು ಒಂದೇ ಏಟಿಗೆ ಹಾರಿಸುತ್ತಾನೆ, ಸೇನೆಗೆ ಸೇರಿ ಸ್ನೈಪರ್ (ಅಡಗಿ ಕೂತು ದೂರದಿಂದ ಗುರಿಯಿಟ್ಟು ಹೊಡೆಯುವ ಸೈನಿಕ) ಆಗುವ ಆಸೆ ಇದೆ, ಗುರಿ ಚೆನ್ನಾಗಿದ್ದರೆ ಸಾಕೇ, ಮನಸ್ಸು ಕಲ್ಲಾಗಿರಬೇಕೇ ಎಂದು ಕೇಳಿದ್ದೀರಿ. ಗುರಿ ಸಾಲದು. ಕಲ್ಲು ಮನಸ್ಸಂತೂ ಬೇಡವೇ ಬೇಡ.

ಮೊದಲು ಲೆಕ್ಕ ನೋಡಿ. 12 ಸೆಂ.ಮೀ. ಅಗಲದ ಕಾಯಿ 30 ಮೀಟರಿನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, 800 ಮೀಟರಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ವಸ್ತು 3.2 ಮೀಟರ್ ಇರಬೇಕು. ಅಂದರೆ ರಸ್ತೆಗೆ ಅಡ್ಡ ನಿಲ್ಲಿಸಿದ ಒಂದು ಜೀಪು. ಸ್ನೈಪರಿಗೆ ಅಲ್ಲಿ ಕಾಣುವುದು ಅರ್ಧ ಮೀಟರ್ ಅಗಲದ ಎದೆ, ಅದೂ ಅರ್ಧ ಮರೆಯಲ್ಲಿ.

ಅಷ್ಟು ದೂರಕ್ಕೆ ಗುಂಡು ನೇರ ಹೋಗುವುದೂ ಇಲ್ಲ. 100 ಮೀಟರಿಗೆ ಹೊಂದಿಸಿದ 7.62 ಮಿ.ಮೀ. ನೇಟೋ ರೈಫಲ್‌ನ 175 ಗ್ರೇನ್ (ಸುಮಾರು 11 ಗ್ರಾಂ) ಗುಂಡು 800 ಮೀಟರ್ ಮುಟ್ಟುವ ಹೊತ್ತಿಗೆ ಸುಮಾರು 7 ಮೀಟರ್ ಕೆಳಗಿಳಿದಿರುತ್ತದೆ. ಇದನ್ನು ಸ್ಕೋಪಿನ, ಅಂದರೆ ರೈಫಲ್ ಮೇಲಿನ ದುರ್ಬೀನಿನ, ತಿರುಗಣೆಯಲ್ಲಿ ಸರಿಮಾಡಬಹುದು; ಮಿಲ್ ಎಂಬುದು ಕೋನದ ಅಳತೆ, ಒಂದು ಕ್ಲಿಕ್‌ಗೆ 0.1 ಮಿಲ್, ಎಂದರೆ 100 ಮೀಟರಿನಲ್ಲಿ 1 ಸೆಂ.ಮೀ. ಆದರೆ ದೂರವೇ ತಪ್ಪಿದರೆ? ಸ್ಕೋಪಿನೊಳಗಿನ ಮಿಲ್ ಗೆರೆಗಳಿಂದ ದೂರ ಅಳೆಯುವ ಸೂತ್ರ ಸರಳ: ವಸ್ತುವಿನ ಎತ್ತರವನ್ನು ಮೀಟರಿನಲ್ಲಿಟ್ಟು 1000ದಿಂದ ಗುಣಿಸಿ, ಕಂಡ ಮಿಲ್‌ನಿಂದ ಭಾಗಿಸಿ. 1.7 ಮೀಟರ್ ಎತ್ತರದ ಆಳು 2 ಮಿಲ್ ಕಂಡರೆ 850 ಮೀಟರ್. ಅವನು ನಿಜಕ್ಕೂ 1.6 ಮೀಟರಿನವನಾಗಿದ್ದರೆ ದೂರ 800, ಗುಂಡು ಮುಕ್ಕಾಲು ಮೀಟರಿನಷ್ಟು ಮೇಲೆ. ಎದೆಗೆ ಹಿಡಿದ ಗುರಿ ತಲೆಯ ಮೇಲೆ ಹಾರಿಹೋಯಿತು. ಈಗ ಲೇಸರ್ ಅಳತೆಗೋಲು ಬಂದಿದೆ, ಆದರೆ ಮಂಜಿನಲ್ಲಿ ಅದು ಕೈಕೊಡುತ್ತದೆ. ಆಗಸ್ಟ್ ತಿಂಗಳ ಭಾಗಮಂಡಲದಲ್ಲಿ ಮಂಜು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಗುಡ್ಡದ ಊರಿನವರಿಗೆ ಇನ್ನೊಂದು ಮಾತು. ಏರಿಗೆ ಹೊಡೆದರೂ ಇಳಿಜಾರಿಗೆ ಹೊಡೆದರೂ ಗುಂಡು ಗುರಿಗಿಂತ ಮೇಲಕ್ಕೇ ಬೀಳುತ್ತದೆ. ಭೂಮಿಯ ಸೆಳೆತದ ಲೆಕ್ಕಕ್ಕೆ ಬರುವುದು ಅಡ್ಡ ದೂರ ಮಾತ್ರ. 30 ಡಿಗ್ರಿ ಇಳಿಜಾರಿನಲ್ಲಿ 500 ಮೀಟರ್ ಇದ್ದರೆ 433 ಮೀಟರಿನ ಲೆಕ್ಕ ಹಿಡಿಯಬೇಕು. ಏರಿಗೆ ಮೇಲೆ ಹಿಡಿ, ಇಳಿಗೆ ಕೆಳಗೆ ಹಿಡಿ ಎಂಬ ನಮ್ಮ ಕಡೆಯ ಮಾತು ಅರ್ಧ ಮಾತ್ರ ಸರಿ, ಎರಡಕ್ಕೂ ಕೆಳಗೇ ಹಿಡಿಯಬೇಕು.

ನಿಜವಾದ ತಲೆನೋವು ಗಾಳಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅದೇ ಗುಂಡನ್ನು 800 ಮೀಟರಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುತ್ತದೆ. ಮುಖಕ್ಕೆ ತಾಗಿದಂತಿದ್ದರೆ 5ರಿಂದ 8 ಕಿ.ಮೀ., ಎಲೆಗಳು ಬಿಡದೆ ಅಲುಗುತ್ತಿದ್ದರೆ 8ರಿಂದ 13, ಧೂಳು ಎದ್ದರೆ 13ರಿಂದ 19, ಸಣ್ಣ ಮರ ತೂಗಿದರೆ ಅದಕ್ಕೂ ಮೇಲೆ. ಸೋಮವಾರಪೇಟೆಯ ಒಂದು ತೋಟದ ಅಂಚಿನಲ್ಲಿ ಕೂತು ನೋಡಿ: ಕಾಫಿ ಗಿಡದ ಎಲೆ ಸತ್ತಂತೆ ನಿಂತಿರುತ್ತದೆ, ಮೇಲೆ ಸಿಲ್ವರ್ ಓಕ್‌ನ ತುದಿ ತೂಗುತ್ತಿರುತ್ತದೆ, ಎದುರು ಬಾಣೆಯ ಹುಲ್ಲು ಇನ್ನೊಂದು ದಿಕ್ಕಿಗೆ ಬಾಗಿರುತ್ತದೆ. ಯಾವುದನ್ನು ನಂಬುವುದು? ಸಾಮಾನ್ಯವಾಗಿ ಹತ್ತಿರದ ಗಾಳಿಗೆ ತೂಕ ಜಾಸ್ತಿ, ಮೊದಲೇ ಓರೆಯಾದ ಗುಂಡು ಉಳಿದ ದಾರಿಯುದ್ದಕ್ಕೂ ಓರೆಯಾಗುತ್ತಲೇ ಹೋಗುತ್ತದೆ. ಆದರೆ ಗುಂಡು ಕಣಿವೆಯ ನೆತ್ತಿಯ ಮೇಲೆ ಹಾದುಹೋಗುವುದಾದರೆ ನೆಲದ ಹುಲ್ಲು ಸುಳ್ಳು ಹೇಳುತ್ತದೆ. ಇದಕ್ಕೇ ಸ್ನೈಪರ್ ಒಬ್ಬನೇ ಹೋಗುವುದಿಲ್ಲ. ಪಕ್ಕದಲ್ಲಿ ಸ್ಪಾಟರ್ ಇರುತ್ತಾನೆ, ಗಾಳಿ ಓದುವುದು ಅವನ ಕೆಲಸ. ಎಷ್ಟೋ ಜೋಡಿಗಳಲ್ಲಿ ಹೆಚ್ಚು ಅನುಭವಿ ಅವನೇ.

ತಮ್ಮನ ಕೈಯ ವಿಷಯ. ಹನ್ನೆರಡು ಬೋರ್ ಕೋವಿ ಕಲಿಸುವ ಚಟವೊಂದಿದೆ: ಹೆಗಲಿಗೆ ಏಟು ಬೀಳುತ್ತದೆಂದು ಬೆರಳು ಎಳೆಯುವ ಮೊದಲೇ ಭುಜ ಮುದುಡಿಕೊಳ್ಳುತ್ತದೆ. ಕಾಯಿಗೆ ಅದು ನಡೆಯುತ್ತದೆ, ರೈಫಲ್‌ಗೆ ನಡೆಯುವುದಿಲ್ಲ. ಪತ್ತೆ ಸುಲಭ: ರೇಂಜಿನಲ್ಲಿ ಪಕ್ಕದವರು ತೋಟಾ ತುಂಬಿಕೊಡಲಿ, ಅವನಿಗೆ ಹೇಳದೆ ನಡುವೆ ಸಿಡಿಯದ ಒಂದು ಡಮ್ಮಿ ತೋಟಾ ಸೇರಿಸಲಿ. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ರೋಗ ಇದೆ. ಔಷಧಿ ಎಂದರೆ ಖಾಲಿ ರೈಫಲ್‌ನಲ್ಲಿ ನೂರಾರು ಸಲ ಟ್ರಿಗರ್ ಒತ್ತುವುದು, ನಳಿಗೆಯ ಮೇಲಿಟ್ಟ ನಾಣ್ಯ ಬೀಳದಂತೆ. ಉಸಿರು ಬಿಟ್ಟ ಮೇಲಿನ ಸಹಜ ಬಿಡುವಿನಲ್ಲಿ ಒತ್ತಬೇಕು. ಎಂಟು ಹತ್ತು ಸೆಕೆಂಡಿಗಿಂತ ಹೆಚ್ಚು ಉಸಿರು ಹಿಡಿದರೆ ಕಣ್ಣು ಮಂಜಾಗುತ್ತದೆ. ಆಗ ಹಟ ಮಾಡದೆ ಬಿಟ್ಟು ಮತ್ತೆ ಶುರುಮಾಡಬೇಕು. ಮಲಗಿ ಗುರಿ ಹಿಡಿದ ಮೇಲೆ ಒಮ್ಮೆ ಕಣ್ಣು ಮುಚ್ಚಿ, ಎರಡು ಉಸಿರು ತೆಗೆದು, ಕಣ್ಣು ಬಿಡಲಿ. ಅಡ್ಡಗೆರೆ ಸರಿದಿದ್ದರೆ ಕೈಯಿಂದ ಎಳೆಯಬಾರದು, ಸೊಂಟವನ್ನೇ ಸರಿಸಬೇಕು.

ಇಷ್ಟಾದರೂ ಗುಂಡು ಹೊಡೆಯುವುದು ಸಣ್ಣ ಪಾಲು. ಉಳಿದದ್ದೆಲ್ಲ ಅಡಗುವುದು, ನೋಡುವುದು, ಬರೆದುಕೊಳ್ಳುವುದು. ಮೊದಲ ಹತ್ತು ಸೆಕೆಂಡು ಅವಸರದ ನೋಟ, ಅಪಾಯ ಇದೆಯೇ ಎಂದು. ಆಮೇಲೆ 50 ಮೀಟರ್ ಪಟ್ಟಿಗಳಾಗಿ ಹತ್ತಿರದಿಂದ ದೂರಕ್ಕೆ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ. 20-30 ನಿಮಿಷಕ್ಕೊಮ್ಮೆ ಇಬ್ಬರೂ ದುರ್ಬೀನು ಬದಲಿಸಿಕೊಳ್ಳುತ್ತಾರೆ, ದಣಿದ ಕಣ್ಣು ಇದ್ದದ್ದನ್ನೂ ಕಾಣುವುದಿಲ್ಲ. ಅಡಗಲು ಮೈಗೆ ಸೊಪ್ಪು ಕಟ್ಟುವ ವೇಷದ ತಪ್ಪುಗಳು ಸಣ್ಣವು. ಸಿಲ್ವರ್ ಓಕ್ ಎಲೆಯ ಅಡಿ ಬೆಳ್ಳಗಿರುತ್ತದೆ, ತಲೆಕೆಳಗಾಗಿ ಕಟ್ಟಿದರೆ ದೂರದಿಂದಲೇ ಹೊಳೆಯುತ್ತದೆ. ಬೆಳಿಗ್ಗೆ ಸಿಕ್ಕಿಸಿದ ಸೊಪ್ಪು ಮಧ್ಯಾಹ್ನಕ್ಕೆ ಬಾಡಿ, ಹಸಿರಿನ ನಡುವೆ ಕಂದು ಗುಡ್ಡೆಯಾಗುತ್ತದೆ. ಫಿನ್ಲೆಂಡಿನ ರೈತ ಸಿಮೋ ಹಾಯ್ಹಾ 1939-40ರ ಚಳಿಗಾಲದ ಯುದ್ಧದಲ್ಲಿ ಸ್ಕೋಪೇ ಇಲ್ಲದೆ ಹೊಡೆದ. ಸ್ಕೋಪಿದ್ದರೆ ತಲೆ ಇನ್ನಷ್ಟು ಎತ್ತಬೇಕು, ಗಾಜು ಮಬ್ಬಾಗುತ್ತದೆ, ಹೊಳೆಯುತ್ತದೆ. ಉಸಿರಿನ ಹಬೆ ಕಾಣದಿರಲೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಅವನ ಹೆಸರಿನಲ್ಲಿ 500ಕ್ಕೂ ಹೆಚ್ಚು ಬಲಿಗಳ ಲೆಕ್ಕವಿದೆ. ಜನ ಆ ಸಂಖ್ಯೆಯನ್ನೇ ಹೇಳುತ್ತಾರೆ, ಹಿಮದ ಮಾತು ಬಿಡುತ್ತಾರೆ.

ಅಂದಹಾಗೆ ಸ್ನೈಪರ್ ಎಂಬ ಮಾತು ಹುಟ್ಟಿದ್ದೇ ನಮ್ಮ ದೇಶದಲ್ಲಿ. 18ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನಿಕರು ಸ್ನೈಪ್ ಹಕ್ಕಿಯ ಬೇಟೆಗೆ ಹೋಗುತ್ತಿದ್ದರು. ಚಳಿಗಾಲದಲ್ಲಿ ಗದ್ದೆಯ ಕೆಸರಿಗೆ ಬರುವ, ಅಡ್ಡಾದಿಡ್ಡಿ ಹಾರುವ ಹಕ್ಕಿ ಅದು; ಅದನ್ನು ಹೊಡೆಯುವವನೇ ಸ್ನೈಪರ್.

ಇನ್ನು ಮನಸ್ಸು. ಸಾಮಾನ್ಯ ಸೈನಿಕನಿಗೆ ಶತ್ರು ಎಂದರೆ ಎದುರಿನ ಸದ್ದು, ಹೊಗೆ. ಸ್ನೈಪರಿಗೆ ಹಾಗಲ್ಲ, ಆ ಮನುಷ್ಯ ಬೀಡಿ ಹಚ್ಚುವುದನ್ನು, ನಗುವುದನ್ನು ಗಂಟೆಗಟ್ಟಲೆ ನೋಡಿರುತ್ತಾನೆ. ಎದುರಿನವನನ್ನು ಮನುಷ್ಯನಲ್ಲ ಎಂದುಕೊಂಡರೆ ಮಾತ್ರ ಕೊಲ್ಲಲು ಸಾಧ್ಯ ಎಂದು ಹಿಂದೆ ನಂಬಿದ್ದರು. ಇಸ್ರೇಲಿನ ಸುಮಾರು 30 ಸ್ನೈಪರ್‌ಗಳನ್ನು ಮಾತಾಡಿಸಿ ನೇಟಾ ಬಾರ್ ಮತ್ತು ಇಯಾಲ್ ಬೆನ್-ಆರಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ: ಅವರಲ್ಲಿ ಹಲವರು ಎದುರಿನವನನ್ನು ಮನುಷ್ಯನೆಂದೇ ಕಾಣುತ್ತಿದ್ದರು, ಆದರೂ ಹೊಡೆದರು. ನನ್ನ ಅಭಿಪ್ರಾಯದಲ್ಲಿ ಕಷ್ಟವಾದ ಗುಣ ಇನ್ನೊಂದು: ಎರಡು ದಿನ ಒದ್ದೆ ಮಣ್ಣಲ್ಲಿ ಮಲಗಿ, ಅನುಮತಿ ಬಾರದೆ, ಒಂದು ಗುಂಡೂ ಹೊಡೆಯದೆ ವಾಪಸು ಬರುವುದು, ಬಂದು ಕಂಡದ್ದನ್ನಷ್ಟೇ ವರದಿ ಬರೆಯುವುದು. ಹೊಡೆಯುವ ಉತ್ಸಾಹ ಇರುವವನು ಇಲ್ಲಿ ಉಳಿಯುವುದಿಲ್ಲ.

ನೇರವಾಗಿ ಸ್ನೈಪರ್ ಎಂದು ಯಾರನ್ನೂ ಭರ್ತಿ ಮಾಡಿಕೊಳ್ಳುವುದಿಲ್ಲ. ಮೊದಲು ಸೈನಿಕನಾಗಿ ಸೇರಬೇಕು, ಒಳ್ಳೆಯ ಗುರಿಕಾರರನ್ನು ಪಲ್ಟನ್ನೇ ಆರಿಸಿ ಕೋರ್ಸಿಗೆ ಕಳಿಸುತ್ತದೆ. ಸೇನೆಯ ಕೋರ್ಸು ಮಧ್ಯಪ್ರದೇಶದ ಮಹೂ ಪಟ್ಟಣದ ಇನ್‌ಫೆಂಟ್ರಿ ಸ್ಕೂಲ್‌ನಲ್ಲಿ ನಡೆಯುತ್ತದೆ. ಗಡಿ ಭದ್ರತಾ ಪಡೆಯ ಎಂಟು ವಾರದ ಕೋರ್ಸು ಇಂದೋರ್‌ನಲ್ಲಿ. 2024ರಲ್ಲಿ ಅದನ್ನು ಮುಗಿಸಿ ಸುಮನ್ ಕುಮಾರಿ ಆ ಪಡೆಯ ಮೊದಲ ಮಹಿಳಾ ಸ್ನೈಪರ್ ಆದರು.

ಅಲ್ಲಿಯವರೆಗೆ ಕೋವಿ ಇಲ್ಲದೆ ಮಾಡುವ, ನೋಡಿದ್ದನ್ನು ನೆನಪಿಡುವ ಅಭ್ಯಾಸ ಇದೆ. ಒಂದು ಮೊರದಲ್ಲಿ ಹತ್ತು ಹನ್ನೆರಡು ಸಾಮಾನು ಹಾಕಿ, ಒಂದು ನಿಮಿಷ ತೋರಿಸಿ, ಮುಚ್ಚಿ. ಕೂಡಲೇ ಕೇಳಬೇಡಿ; ಸಂಜೆ ತೋಟದ ಕೆಲಸ ಮುಗಿದ ಮೇಲೆ ಒಂದೊಂದರ ಬಣ್ಣ, ಅಳತೆ, ಎಲ್ಲಿ ಒಡೆದಿತ್ತು ಎಂಬುದನ್ನು ಬರೆಸಿ.