ವೀರವನಿತೆಯರ ಪಟ್ಟಿ ಬೇಡ, ಒಂದು ಕೋರ್ಟು ಸಾಕು

ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೆಂಗಸರ ಬಗ್ಗೆ ನೀವು ಕಳಿಸಿದ ‘ಕ್ರಾಂತಿಯ ಕಿಡಿಗಳು’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಓದಿಕೊಂಡು ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಅದಕ್ಕೇ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನೀವು 14 ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದೀರಿ. ಒಬ್ಬೊಬ್ಬರಿಗೆ ಒಂದು ಪ್ಯಾರಾ, ಪ್ಯಾರಾದ ಕೊನೆಗೆ ಒಂದು ಜೈಕಾರ. ನಾಲ್ಕನೆಯವಳು ಬರುವ ಹೊತ್ತಿಗೆ ಮೊದಲನೆಯವಳು ಮರೆತುಹೋಗಿರುತ್ತಾಳೆ. ಇವರೆಲ್ಲ ಯುದ್ಧಕ್ಕೆ ಏನು ಕೊಟ್ಟರು ಅಂತ ಚೆನ್ನಾಗಿ ಹೇಳಿದ್ದೀರಿ. ಯುದ್ಧ ಮುಗಿದ ಮೇಲೆ ಇವರ ಕೈಯಲ್ಲಿ ಏನು ಉಳಿಯಿತು, ಅದು ಯಾರ ಹೆಸರಲ್ಲಿತ್ತು ಅಂತ ಒಂದು ಕಡೆಯೂ ಕೇಳಿಲ್ಲ. ‘ಪಾತ್ರ ಮತ್ತು ಹಕ್ಕು’ ಎಂದು ಉಪಶೀರ್ಷಿಕೆ ಕೊಟ್ಟು, ಹಕ್ಕಿಗೆ ಕೊನೆಯ ಪುಟದಲ್ಲಿ ಆರು ಸಾಲು ಇಟ್ಟರೆ ಹೇಗೆ?

ಅಬಿಗೇಲ್ ಆಡಮ್ಸ್ ಮತದಾನದ ಹಕ್ಕು ಕೇಳಿದ ಮೊದಲ ಮಹಿಳೆ ಎಂದು ಬರೆದಿದ್ದೀರಿ. ಅದು ತಪ್ಪು. 1776ರ ಮಾರ್ಚ್ 31ರಂದು ಸ್ವಾತಂತ್ರ್ಯ ಹೋರಾಟದ ಮುಖಂಡನಾಗಿದ್ದ ಗಂಡ ಜಾನ್ ಆಡಮ್ಸ್‌ಗೆ ಆಕೆ ಬರೆದ ಕಾಗದದಲ್ಲಿ ಓಟಿನ ಮಾತೇ ಇಲ್ಲ. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದಷ್ಟೇ ಕೇಳಿದ್ದು. ಗಂಡ ನಕ್ಕು ತಳ್ಳಿಹಾಕಿದ. ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸು ಗಂಡನ ನೆರಳಿನೊಳಗೆ ಕರಗಿಹೋಗುತ್ತಿದ್ದಳು. ಅವಳು ದುಡಿದ ಕೂಲಿ ಗಂಡನದು. ತವರಿನಿಂದ ಬಂದ ಜಮೀನಿನ ಆಡಳಿತ ಗಂಡನದು. ಕರಾರಿಗೆ ಅವಳ ಸಹಿ ನಡೆಯುತ್ತಿರಲಿಲ್ಲ. ಇದನ್ನು ಮೊದಲ ಪುಟದಲ್ಲೇ ಹೇಳಿಬಿಡಿ, ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನ್ಯೂಜೆರ್ಸಿಯಲ್ಲಿ ‘ಎಲ್ಲ ಮಹಿಳೆಯರೂ’ ಮತ ಹಾಕಿದರು ಎಂಬ ನಿಮ್ಮ ಸಾಲೂ ಆಗ ತಿದ್ದಿಕೊಳ್ಳುತ್ತದೆ. 1776ರ ಅಲ್ಲಿನ ಸಂವಿಧಾನ 50 ಪೌಂಡ್ ಆಸ್ತಿ ಇರುವ ನಿವಾಸಿಗಳಿಗೆ ಮತ ಕೊಟ್ಟಿತು. ಗಂಡನಿದ್ದವಳಿಗೆ ಸ್ವಂತ ಆಸ್ತಿ ಎಲ್ಲಿಂದ ಬರಬೇಕು? ಮತ ಹಾಕಿದವರು ವಿಧವೆಯರು, ಮದುವೆಯಾಗದವರು. 1807ರಲ್ಲಿ ಅದನ್ನೂ ಕಿತ್ತುಕೊಂಡರು.

ನಿಮ್ಮ ಬರಹದಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಬಾಸ್ಟನ್ನಿನ ಕಾಫಿ ಗಲಾಟೆ. ಅದಕ್ಕೆ ಒಂದೇ ಒಂದು ಸಾಲು ಕೊಟ್ಟಿದ್ದೀರಿ, ಅನ್ಯಾಯ. 1777ರ ಜುಲೈ. ಸಕ್ಕರೆ, ಕಾಫಿ ಸಿಗುತ್ತಿಲ್ಲ. ಥಾಮಸ್ ಬಾಯ್ಲ್‌ಸ್ಟನ್ ಎಂಬ ಸಾಹುಕಾರ ಕಾಫಿ ಬಚ್ಚಿಟ್ಟುಕೊಂಡು, ಒಂದು ಪೌಂಡ್ ತೂಕಕ್ಕೆ ಆರು ಶಿಲ್ಲಿಂಗ್‌ಗಿಂತ ಕಡಿಮೆಗೆ ಕೊಡಲ್ಲ ಅಂತ ಕೂತಿದ್ದಾನೆ. ನೂರು ಜನ ಹೆಂಗಸರು, ಜಾಸ್ತಿಯೂ ಇರಬಹುದು, ಗಾಡಿ ತಳ್ಳಿಕೊಂಡು ಗೋದಾಮಿಗೆ ಬಂದರು. ಬೀಗದ ಕೈ ಕೇಳಿದರು. ಕೊಡಲಿಲ್ಲ. ಒಬ್ಬಳು ಅವನ ಕತ್ತು ಹಿಡಿದು ಎತ್ತಿ ಗಾಡಿಗೆ ಎಸೆದಳು. ಬೀಗದ ಕೈ ಈಚೆ ಬಂತು. ಗಾಡಿ ಮಗುಚಿ ಅವನನ್ನು ಕೆಳಗೆ ಸುರಿದು, ಬಾಗಿಲು ತೆರೆದು, ತಾವೇ ಕಾಫಿ ಹೊರಗೆಳೆದು ಗಾಡಿಗೆ ಹೇರಿಕೊಂಡು ಹೋದರು. ಗಂಡಸರ ಗುಂಪು ಬೆಪ್ಪಾಗಿ ನೋಡುತ್ತಾ ನಿಂತಿತ್ತು. ಇಷ್ಟನ್ನೂ ಬರೆದಿಟ್ಟವರು ಇದೇ ಅಬಿಗೇಲ್. ಇಂಥದ್ದು ಕೈಯಲ್ಲಿರುವಾಗ ‘ಮಹಿಳೆಯರು ಬೆಲೆ ಏರಿಕೆಯ ವಿರುದ್ಧ ಪ್ರತಿಭಟಿಸಿದರು’ ಅಂತ ಸರ್ಕಾರಿ ಪ್ರಕಟಣೆ ಥರ ಬರೆಯುತ್ತಾರಾ?

ರಣರಂಗದಲ್ಲಿ ನೀರು ಹೊತ್ತು ಫಿರಂಗಿ ಹಾರಿಸಿದಳು ಎನ್ನುವ ‘ಮಾಲಿ ಪಿಚರ್’ ತೆಗೆದುಬಿಡಿ. ಆ ಹೆಸರು ಆಮೇಲೆ ಕಟ್ಟಿದ ಕಥೆಯಲ್ಲಿ ಬೆಳೆದದ್ದು. ಬದಲಿಗೆ ಮಾರ್ಗರೆಟ್ ಕಾರ್ಬಿನ್ ಸಾಕು. 1776ರ ನವೆಂಬರ್‌ನಲ್ಲಿ ಫೋರ್ಟ್ ವಾಷಿಂಗ್ಟನ್‌ನಲ್ಲಿ ಗಂಡ ಸತ್ತಾಗ ಅವನ ಫಿರಂಗಿ ಹಿಡಿದಳು, ಗುಂಡು ತಿಂದಳು, ಒಂದು ಕೈ ಮತ್ತೆ ಸರಿಹೋಗಲಿಲ್ಲ. 1779ರಲ್ಲಿ ಅಂದಿನ ಅಮೆರಿಕದ ಆಡಳಿತ ಸಭೆಯಾದ ಕಾಂಗ್ರೆಸ್ ಅವಳಿಗೆ ಮಂಜೂರು ಮಾಡಿದ್ದು ಸಿಪಾಯಿಯ ಅರ್ಧ ಸಂಬಳ ಮತ್ತು ಒಂದು ಜೊತೆ ಬಟ್ಟೆ. ‘ಅಪ್ರತಿಮ ಸಾಹಸಿ’ ಅಂತ ನೀವು ಬರೆದ ಕಡೆ ‘ಅರ್ಧ ಸಂಬಳ’ ಅಂತ ಬರೆಯಿರಿ.

ಎಸ್ತರ್ ರೀಡ್ ವಿಷಯವೂ ಹಾಗೇ. 1780ರಲ್ಲಿ ಅವರ ಮುಂದಾಳತ್ವದಲ್ಲಿ ಫಿಲಡೆಲ್ಫಿಯಾದ ಹೆಂಗಸರು ಸಿಪಾಯಿಗಳಿಗಾಗಿ ಮನೆಮನೆ ಸುತ್ತಿ 3 ಲಕ್ಷ ಡಾಲರಿಗೂ ಹೆಚ್ಚು ಚಂದಾ ಎತ್ತಿದರು ಎಂದಿದ್ದೀರಿ, ಸರಿ. (ಅದು ಬೆಲೆ ಬಿದ್ದುಹೋಗಿದ್ದ ಕಾಗದದ ಹಣ, ಒಂದು ಮಾತು ಸೇರಿಸಿ.) ಆದರೆ ಜಗಳವನ್ನೇ ಬಿಟ್ಟಿದ್ದೀರಲ್ಲ! ಒಬ್ಬೊಬ್ಬ ಸಿಪಾಯಿಯ ಕೈಗೆ ನಾಣ್ಯದಲ್ಲೇ ಎರಡು ಡಾಲರ್ ಇಡಬೇಕು, ಅವನು ತನಗಿಷ್ಟ ಬಂದಂತೆ ಬಳಸಲಿ ಎಂಬುದು ರೀಡ್ ಆಸೆ. ವಾಷಿಂಗ್ಟನ್ ಒಪ್ಪಲಿಲ್ಲ, ಅಂಗಿ ಹೊಲಿಸಿ ಕೊಡಿ ಎಂದರು. ದುಡ್ಡು ಎತ್ತಿದವರು ಹೆಂಗಸರು, ತೀರ್ಮಾನ ಜನರಲ್ ಸಾಹೇಬರದು. ಆ ಸೆಪ್ಟೆಂಬರ್‌ನಲ್ಲಿ ರೀಡ್ ತೀರಿಕೊಂಡರು. ಮಿಕ್ಕವರು ಅಂಗಿ ಹೊಲಿದರು, ಪ್ರತಿ ಅಂಗಿಯ ಮೇಲೂ ಹೊಲಿದವಳ ಹೆಸರು ಹಾಕಿದರು.

ಈಗ ನಿಮ್ಮ ಲೇಖನದ ಅಡಿಟಿಪ್ಪಣಿಗೆ ಬರುತ್ತೇನೆ. ನಿಮ್ಮ ನಿಜವಾದ ಲೇಖನ ಅಲ್ಲಿ ಅಡಗಿ ಕೂತಿದೆ. ಮಾರ್ಟಿನ್ ಪ್ರಕರಣ, 1805.

ವಿಲಿಯಂ ಮಾರ್ಟಿನ್ ಬ್ರಿಟಿಷರ ಕಡೆಯವನು. 1776ರಲ್ಲಿ ಬ್ರಿಟಿಷ್ ಸೈನ್ಯ ಬಾಸ್ಟನ್ ಬಿಟ್ಟಾಗ ಹೆಂಡತಿ ಆನಾಳನ್ನೂ ಕರೆದುಕೊಂಡು ಹೊರಟ. ಹಿಂದೆ ಉಳಿದ ಜಮೀನು ಆನಾಳಿಗೆ ತವರಿನಿಂದ ಬಂದದ್ದು. ದ್ರೋಹಿಗಳ ಆಸ್ತಿ ಅಂತ ಮ್ಯಾಸಚೂಸೆಟ್ಸ್ ಸರ್ಕಾರ ಜಪ್ತಿ ಮಾಡಿತು. ಮುಂದೆ ಮಗ ಜೇಮ್ಸ್ ಕೋರ್ಟಿಗೆ ಹೋದ. ನಮ್ಮಮ್ಮ ಹೆಂಡತಿ, ಗಂಡ ಕರೆದ ಕಡೆ ಹೋಗಲೇಬೇಕಿತ್ತು, ಅವಳು ದ್ರೋಹ ಮಾಡುವುದು ಹೇಗೆ ಸಾಧ್ಯ ಎಂಬುದು ಅವನ ಕಡೆಯ ವಾದ. ಹೆಂಗಸೂ ರಾಜ್ಯದ ನಿವಾಸಿಯೇ, ಯಾರ ಕಡೆ ನಿಲ್ಲಬೇಕು ಅಂತ ತಾನೇ ಆರಿಸಿಕೊಳ್ಳಬಲ್ಲಳು ಅಂತ ಸರ್ಕಾರದ ವಕೀಲ ಹೇಳಿದ. ನೋಡಿ, ಸರ್ಕಾರಕ್ಕೆ ಹೆಂಗಸಿನ ಸ್ವಂತ ಬುದ್ಧಿ ನೆನಪಾದದ್ದು ಅವಳ ಜಮೀನು ಉಳಿಸಿಕೊಳ್ಳಲು! ಮಗನೇ ಗೆದ್ದ. ಅವಳಾಗಿ ಹೋದದ್ದಲ್ಲ, ಗಂಡ ಅವಳನ್ನು ಕರೆದೊಯ್ದದ್ದು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಥಿಯೋಡರ್ ಸೆಜ್‌ವಿಕ್ ಬರೆದ. ಆಸ್ತಿ ಬಂತು, ಆದರೆ ಹೆಂಡತಿಗೆ ತನ್ನದೇ ಆಯ್ಕೆ ಇಲ್ಲ ಎಂಬುದು ಗಟ್ಟಿಯಾಯಿತು.

ಆ ಕೋರ್ಟಿನಲ್ಲಿ ಯಾರು ಯಾರು ಇದ್ದರು ಅಂತ ನೀವು ಗಮನಿಸಿಲ್ಲ. ಈ ಸೆಜ್‌ವಿಕ್ 1781ರಲ್ಲಿ ವಕೀಲನಾಗಿದ್ದಾಗ ಎಲಿಜಬೆತ್ ಫ್ರೀಮನ್‌ಳ ಪರ ವಾದಿಸಿ ಗುಲಾಮಗಿರಿಯಿಂದ ಬಿಡಿಸಿದವನು. ಅವಳು ನಿಮ್ಮ ಪಟ್ಟಿಯಲ್ಲಿ ಒಂಬತ್ತನೆಯವಳು. ಸರ್ಕಾರದ ವಕೀಲ ಜೇಮ್ಸ್ ಸಲ್ಲಿವನ್. ಓಟಿಗೆ ಇದ್ದ ಆಸ್ತಿಯ ಷರತ್ತು ಸಡಿಲಿಸಿದರೆ ನಾಳೆ ಹೆಂಗಸರೂ ಓಟು ಕೇಳುತ್ತಾರೆ ಅಂತ 1776ರ ಮೇ ತಿಂಗಳಲ್ಲಿ ಜಾನ್ ಆಡಮ್ಸ್ ಕಾಗದ ಬರೆದದ್ದು ಇವನಿಗೇ. ಇವನ ಅಣ್ಣ ಜನರಲ್ ಜಾನ್ ಸಲ್ಲಿವನ್. 1779ರಲ್ಲಿ ವಾಷಿಂಗ್ಟನ್ ಅಪ್ಪಣೆಯಂತೆ ಇರೊಕ್ವಾ ಎಂಬ ಮೂಲನಿವಾಸಿಗಳ ನಾಡಿಗೆ ನುಗ್ಗಿ ಸುಮಾರು 40 ಊರು ಸುಟ್ಟು, ಮೆಕ್ಕೆಜೋಳದ ಹೊಲ, ಹಣ್ಣಿನ ತೋಟ ನೆಲಸಮ ಮಾಡಿದವನು. ಇರೊಕ್ವಾ ಜನರಲ್ಲಿ ಹೊಲ ಹೆಂಗಸರದು. ಮುಖಂಡನನ್ನು ಆರಿಸುವುದು, ಇಳಿಸುವುದು ಕುಲದ ಹಿರಿಯ ತಾಯಂದಿರು. ಅವರ ಸುದ್ದಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಕೋರ್ಟಿನಿಂದ ಶುರು ಮಾಡಿ, ಒಬ್ಬೊಬ್ಬರ ಹಿಂದೆ ಹೋಗಿ. 14 ಪ್ಯಾರಾ ಬೇಕಾಗುವುದಿಲ್ಲ.

ಕಿತ್ತೂರು ಚೆನ್ನಮ್ಮ ಇಲ್ಲಿ ಬೇಡ. ಕನ್ನಡದ ಓದುಗರಿಗೆ ಹತ್ತಿರವಾಗಲಿ ಅಂತ ಸೇರಿಸಿದ್ದೀರಿ, ಗೊತ್ತು. ಆದರೆ 1824ರ ಆ ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ. ನಂಟು ಬೇಕೇ ಬೇಕು ಅಂದರೆ, 1782ರಲ್ಲಿ ಪೆನ್ಸಿಲ್ವೇನಿಯಾದವರು ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದರು. ಅದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’, ನಮ್ಮ ಮೈಸೂರಿನವನದೇ ಹೆಸರು. ಹೆಂಗಸರ ವಿಷಯಕ್ಕೆ ಅದೂ ಹೊಂದುವುದಿಲ್ಲ, ಚಿಕ್ಕ ಬಾಕ್ಸ್ ಮಾಡಬಹುದು ಅಷ್ಟೇ.

‘ಅಜರಾಮರ’, ‘ಚಿರಸ್ಮರಣೀಯ’, ‘ರೋಮಾಂಚನಕಾರಿ’ ಮೂರನ್ನೂ ಹುಡುಕಿ ಅಳಿಸಿ. ಉದ್ದ ಈಗಿನದರ ಅರ್ಧ ಸಾಕು. ಫೈಲು ಹಳೆಯ ಫಾಂಟಿನಲ್ಲಿ ಬಂದು ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ, ಈ ಸಲ ಯುನಿಕೋಡ್‌ನಲ್ಲೇ ಕಳಿಸಿ.