ಎಲಿಜಬೆತ್ ಬಡವಳಲ್ಲ

ನಮಸ್ಕಾರ,

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ವರ್ಗಭೇದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಕಾದಂಬರಿಯ ನಾಯಕಿ, ನಾಯಕನ ಬಗ್ಗೆ ‘ಬಡ ಹುಡುಗಿ ಎಲಿಜಬೆತ್, ಶ್ರೀಮಂತ ಡಾರ್ಸಿ’ ಎಂದು ಶುರು ಮಾಡಿದ್ದೀರಿ. ಎಲಿಜಬೆತ್ ಬಡವಳಲ್ಲ. ಅವಳ ಅಪ್ಪನಿಗೆ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ. ಮನೆಯಲ್ಲಿ ಆಳುಕಾಳು, ಕುದುರೆಗಾಡಿ ಎಲ್ಲ ಇವೆ. ಆದರೆ ಗಂಡುಮಕ್ಕಳಿಲ್ಲ. ಹಾಗಾಗಿ ಅಪ್ಪನ ನಂತರ ಆಸ್ತಿ ದೂರದ ಸಂಬಂಧಿ ಕಾಲಿನ್ಸ್‌ಗೆ ಹೋಗುತ್ತದೆ. ಎಲಿಜಬೆತ್‌ಗೆ ಸಿಗುವುದು, ಅದೂ ತಾಯಿ ತೀರಿಕೊಂಡ ಮೇಲೆ, ಶೇಕಡಾ 4ರ ಬಡ್ಡಿಯಲ್ಲಿಟ್ಟ 1,000 ಪೌಂಡ್. ವರ್ಷಕ್ಕೆ 40 ಪೌಂಡ್ ಆಯಿತು. ಡಾರ್ಸಿಯ ವರಮಾನ 10,000. ಮದುವೆ ಕೇಳಲು ಬಂದ ಕಾಲಿನ್ಸ್ ಆ ಸಾವಿರದ ಮಾತನ್ನು ಅವಳ ಮುಖಕ್ಕೇ ಆಡುತ್ತಾನೆ. ಅಂಥ ಜಾಗವನ್ನು ಹೇಗೆ ಬಿಟ್ಟಿರಿ?

‘ಮೇಲ್ವರ್ಗ’ ಎಂಬ ಪದ ಪುಟಪುಟದಲ್ಲೂ ಇದೆ. ಆ ಮೇಲ್ವರ್ಗದ ಒಳಗೇ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ. ಎಲಿಜಬೆತ್‌ಳ ಸೋದರಮಾವ ಲಂಡನ್ನಿನ ವ್ಯಾಪಾರದ ಬೀದಿ ಚೀಪ್‌ಸೈಡ್ ಹತ್ತಿರ ಇದ್ದಾನೆಂದು ಡಾರ್ಸಿಯ ಗೆಳೆಯ ಬಿಂಗ್ಲಿಯ ಅಕ್ಕತಂಗಿಯರು ನಗುತ್ತಾರೆ. ಅವನು ವ್ಯಾಪಾರಿ. ನಗುವ ಆ ಅಕ್ಕತಂಗಿಯರ ಮನೆಯ ದುಡ್ಡು ಬಂದದ್ದೂ ವ್ಯಾಪಾರದಿಂದಲೇ ಅಲ್ವಾ?

‘ಅಂದಿನ ಸಮಾಜ ಹೆಣ್ಣನ್ನು ಕಟ್ಟಿಹಾಕಿತ್ತು’ ಎಂಬ ನಿಮ್ಮ ಮಾತು ಸುಳ್ಳಲ್ಲ. ಆದರೆ ಅದನ್ನು ಯಾವ ಕಾದಂಬರಿಯ ಮೇಲೂ ಬರೆಯಬಹುದು. ಅದರ ಬದಲು ಎಲಿಜಬೆತ್‌ಳ ತಂಗಿ ಲಿಡಿಯಾ ಮನೆಗೆ ಬರುವ ದೃಶ್ಯ ಬರೆಯಿರಿ. ಸೇನಾಧಿಕಾರಿ ವಿಕಮ್ ಜೊತೆ ಓಡಿಹೋದ ಹುಡುಗಿ. ಡಾರ್ಸಿ ಗುಟ್ಟಾಗಿ ದುಡ್ಡು ಕೊಟ್ಟು ಮದುವೆ ಮಾಡಿಸಿದ್ದಾನೆ. ಐದು ಮಕ್ಕಳಲ್ಲಿ ಕೊನೆಯವಳು. ಊಟಕ್ಕೆ ಹೋಗುವಾಗ ಮುಂದೆ ಬಂದು ಅಮ್ಮನ ಬಲಗಡೆ ನಿಲ್ಲುತ್ತಾಳೆ. ನನಗೆ ಮದುವೆಯಾಗಿದೆ, ಇನ್ನು ಈ ಜಾಗ ನನ್ನದು, ನೀನು ಹಿಂದೆ ಸರಿ ಎಂದು ಹಿರಿಯಕ್ಕ ಜೇನ್‌ಗೆ ಹೇಳುತ್ತಾಳೆ. ಪದ್ಧತಿಯ ಪ್ರಕಾರ ಅವಳದ್ದೇ ಸರಿ. ಆ ನಾಲ್ಕು ಹೆಜ್ಜೆ ತೋರಿಸಿದರೆ ‘ಸಮಾಜ’ ಎಂಬ ಪದವೇ ಬೇಕಾಗುವುದಿಲ್ಲ.

ಎಲಿಜಬೆತ್‌ಳ ಗೆಳತಿ ಷಾರ್ಲಟ್‌ಳನ್ನು ‘ಸ್ವಾರ್ಥಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ನಿಜವಾಗಿ ಬೇಜಾರಾಯಿತು. ಅವಳಿಗೆ 27 ವರ್ಷ. ಹಣವಿಲ್ಲ, ರೂಪವಿಲ್ಲ. ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನು ಒಪ್ಪದಿದ್ದರೆ ಜೀವನಪೂರ್ತಿ ಅಣ್ಣತಮ್ಮಂದಿರ ಮನೆಯಲ್ಲಿ ಹಂಗಿನ ಅನ್ನ. ಬರೆದ ಜೇನ್ ಆಸ್ಟಿನ್ ಕೂಡ ಮದುವೆಯಾಗದವರು. ಈ ಪುಸ್ತಕದ ಹಕ್ಕನ್ನು 110 ಪೌಂಡಿಗೆ ಮಾರಿದರು. 1813ರಲ್ಲಿ ಅಚ್ಚಾದಾಗ ಅದರ ಮೇಲೆ ಅವರ ಹೆಸರೂ ಇರಲಿಲ್ಲ. ಷಾರ್ಲಟ್‌ಳ ಭಯ ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ನನಗನಿಸುತ್ತದೆ. ಅವಳಿಗೆ ಕನಿಷ್ಠ ಒಂದು ಪುಟ ಕೊಡಿ.

ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಎಲಿಜಬೆತ್ ಮೂರು ಮೈಲಿ ನಡೆದು ಹೋಗುವ ಪ್ಯಾರಾ ಮಾತ್ರ ತುಂಬಾ ಚೆನ್ನಾಗಿದೆ. ಅವಳ ಲಂಗದ ಅಂಚಿನ ಕೆಸರನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಅದರ ಹಿಂದಿನ ಎರಡು ಪುಟ ಪೂರ್ತಿ ತೆಗೆಯಿರಿ. ಆ ಕೆಸರಿನಿಂದಲೇ ಶುರು ಮಾಡಿ ನನಗೆ ಮತ್ತೆ ಕಳಿಸಿ.